ನೂರು ಮಿಲಿವೋಲ್ಟಿನ ಆಚೀಚೆ: ಒಬ್ಬ ಭೌತವಿಜ್ಞಾನಿಯ ಸೈಟೇಶನ್‌ಗಳನ್ನು ಬಿಡಿಸಿ ಓದುವುದು

ಕಾಸರಗೋಡು ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಕೊಣಾಜೆಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಎಂ.ಎಸ್ಸಿ.ಗೆ ಹೋಗುವ ನಮ್ಮ ಕಡೆಯ ಮಕ್ಕಳು ಪಿಎಚ್.ಡಿ.ಗೆ ಗೈಡ್ ಹುಡುಕುವ ಹೊತ್ತಿಗೆ ಮೊದಲು ತೆರೆಯುವುದು ಗೂಗಲ್ ಸ್ಕಾಲರ್. ಹೆಸರಿನ ಪಕ್ಕದಲ್ಲಿ ಮೂರು ಅಂಕಿ: ಒಟ್ಟು ಸೈಟೇಶನ್ (ಬೇರೆ ಪೇಪರುಗಳು ಇವರ ಪೇಪರುಗಳನ್ನು ಎಷ್ಟು ಸಲ ಉಲ್ಲೇಖಿಸಿವೆ ಎಂಬ ಎಣಿಕೆ), ಎಚ್-ಇಂಡೆಕ್ಸ್ (ಅದರ ಲೆಕ್ಕ ಮುಂದೆ ಬರುತ್ತದೆ), ಐ10-ಇಂಡೆಕ್ಸ್ (ಕನಿಷ್ಠ ಹತ್ತು ಸೈಟೇಶನ್ ಇರುವ ಪೇಪರುಗಳ ಸಂಖ್ಯೆ). ಅಷ್ಟನ್ನೇ ನೋಡಿ ಮಂಜೇಶ್ವರದ ಹುಡುಗಿಯೋ ಮುಳ್ಳೇರಿಯದ ಹುಡುಗನೋ "ಇವರು ದೊಡ್ಡವರು, ಇವರು ಅಷ್ಟೇನಿಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ಆ ಅಂಕಿ ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬಂತು, ಯಾರು ಅದನ್ನು ಬಳಸಿಕೊಂಡರು ಎಂದು ಬಿಡಿಸಿ ನೋಡುವುದನ್ನು ಪದವಿ ತರಗತಿಯಲ್ಲಿ ಯಾರೂ ಕೂತು ಹೇಳಿಕೊಡುವುದಿಲ್ಲ. ನಾನ್‌ಲೀನಿಯರ್ ಡೈನಮಿಕ್ಸ್‌ನಂಥ (ಕಾರಣ ಮತ್ತು ಪರಿಣಾಮ ಒಂದೇ ಪ್ರಮಾಣದಲ್ಲಿ ಬದಲಾಗದ, ಅಂದರೆ ಅರೇಖೀಯ, ಚಲನೆಗಳ ಅಧ್ಯಯನ) ಕ್ಷೇತ್ರದಲ್ಲಿ ಇದು ತಿಳಿಯದಿದ್ದರೆ ನಷ್ಟ ದೊಡ್ಡದು. ಇಲ್ಲಿ ಒಳ್ಳೆಯ ಕೆಲಸ ಎಷ್ಟೋ ವರ್ಷ ಸದ್ದಿಲ್ಲದೆ ಇದ್ದುಬಿಡುತ್ತದೆ, ತಪ್ಪು ಕೆಲಸಕ್ಕೂ ಸೈಟೇಶನ್ ರಾಶಿ ಬೀಳುತ್ತದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಭೌತವಿಜ್ಞಾನಿ ಎಂ. ಲಕ್ಷ್ಮಣನ್ ಹುಟ್ಟಿದ್ದು 1946ರಲ್ಲಿ, ಪೊಳ್ಳಾಚಿಯಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಿ.ಎಂ. ಮ್ಯಾಥ್ಯೂಸ್ ಅವರ ಬಳಿ ಪಿಎಚ್.ಡಿ. ಮಾಡಿ, ಮುಂದೆ ತಿರುಚಿರಾಪಳ್ಳಿಯ ಭಾರತೀದಾಸನ್ ವಿಶ್ವವಿದ್ಯಾಲಯದಲ್ಲಿ ನೆಲೆನಿಂತು ಅಲ್ಲೇ ನಾನ್‌ಲೀನಿಯರ್ ಡೈನಮಿಕ್ಸ್ ಕೇಂದ್ರವನ್ನು ಕಟ್ಟಿದವರು. 1989ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ದೊಡ್ಡ ಐಐಟಿಯಲ್ಲಲ್ಲ, ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೂತು ಇಷ್ಟು ಮಾಡಿದರು ಎಂಬುದು ನಮ್ಮಂಥ ಗಡಿನಾಡಿನ ಕಾಲೇಜುಗಳವರಿಗೆ ಮುಖ್ಯವಾದ ಸಂಗತಿ. ಅವರ ಮೂರು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸೈಟೇಶನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ.

ಮೊದಲನೆಯದು 1974ರದ್ದು, ಮ್ಯಾಥ್ಯೂಸ್ ಜೊತೆ ಬರೆದದ್ದು. ಒಂದು ಆಂದೋಲಕ, ಅದರ ಸಮೀಕರಣ ಅರೇಖೀಯ, ಆದರೆ ಉತ್ತರ ಮಾತ್ರ ಸರಳ ಸೈನ್ ಅಲೆ. ಲೋಲಕದ ಪಾಠದಲ್ಲಿ ಬರುವ ಸರಳ ಸಂಗತ ಚಲನೆಯಂತೆಯೇ ಕಾಣುತ್ತದೆ. ವ್ಯತ್ಯಾಸ ಒಂದೇ: ಕೋನೀಯ ಆವೃತ್ತಿಯ ವರ್ಗ ಆಲ್ಫಾ ಭಾಗಿಸು (1 + ಲ್ಯಾಂಬ್ಡಾ ಗುಣಿಸು ಪಾರದ ವರ್ಗ). ಆಲ್ಫಾ, ಲ್ಯಾಂಬ್ಡಾ ಸಮೀಕರಣದ ಸ್ಥಿರಾಂಕಗಳು; ಪಾರ ಎಂದರೆ ಆಂಪ್ಲಿಟ್ಯೂಡ್. ಅಂದರೆ, ಲ್ಯಾಂಬ್ಡಾ ಧನವಾಗಿದ್ದರೆ, ತೂಗುವ ಪಾರ ಹೆಚ್ಚಾದಷ್ಟೂ ಆಂದೋಲನ ನಿಧಾನ. ಬಿ.ಎಸ್ಸಿ. ವಿದ್ಯಾರ್ಥಿ ಒಂದು ಪುಟದಲ್ಲಿ ಪರೀಕ್ಷಿಸಬಹುದಾದ ಫಲಿತಾಂಶ ಇದು. ಆದರೂ ಇದರ ಮೇಲೆ ದೊಡ್ಡ ಕಟ್ಟಡ ಎದ್ದದ್ದು ಸುಮಾರು 30 ವರ್ಷ ಕಳೆದ ಮೇಲೆ. 2004ರಲ್ಲಿ ಸ್ಪೇನಿನ ಕಾರಿನ್ಯೇನಾ, ರನ್ಯಾದಾ, ಸಂತಾಂದೇರ್ ಇದನ್ನು ಎರಡು ಮತ್ತು ಹೆಚ್ಚು ಆಯಾಮಗಳಿಗೆ ಎಳೆದರು. ಲ್ಯಾಂಬ್ಡಾವನ್ನು ಅವಕಾಶದ (ಸ್ಪೇಸ್) ವಕ್ರತೆಗೆ ಜೋಡಿಸಿ ನೋಡಿದರು. ಅಲ್ಲಿಂದ ಮುಂದೆ ಕ್ವಾಂಟಂ ರೂಪಗಳು, ಸ್ಥಾನಕ್ಕೆ ತಕ್ಕಂತೆ ಬದಲಾಗುವ ದ್ರವ್ಯರಾಶಿಯ ಸಮಸ್ಯೆಗಳು ಒಂದರ ಹಿಂದೆ ಒಂದು ಬಂದವು. 1980ರ ದಶಕದಲ್ಲಿ ಯಾರಾದರೂ ಈ ಪೇಪರಿನ ಸೈಟೇಶನ್ ಎಣಿಸಿ ಬೆಲೆ ಕಟ್ಟಿದ್ದರೆ ಏನು ಹೇಳುತ್ತಿದ್ದರು ಎಂದು ಊಹಿಸಿ.

ಎರಡನೆಯದು 1977ರ ಪುಟ್ಟ ಪೇಪರ್. ಕಾಂತ ವಸ್ತುವಿನಲ್ಲಿ ಸಾಲಾಗಿ ನಿಂತ ಸ್ಪಿನ್‌ಗಳ ಹೈಸನ್‌ಬರ್ಗ್ ಮಾದರಿಯನ್ನು ನಿರಂತರ ದಾರದಂತೆ ಭಾವಿಸಿದಾಗ ಬರುವ ಸಮೀಕರಣವೂ, ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ಪಲ್ಸ್ ಸಾಗುವುದನ್ನು ಹೇಳುವ ಅರೇಖೀಯ ಶ್ರೋಡಿಂಗರ್ ಸಮೀಕರಣವೂ ಜ್ಯಾಮಿತಿಯ ದೃಷ್ಟಿಯಿಂದ ಒಂದೇ ಎಂದು ಅದು ತೋರಿಸಿತು. ಅದೇ ವರ್ಷ ರಷ್ಯಾದ ತಖ್ತಜಾನ್ ಸ್ವತಂತ್ರವಾಗಿ, ಬೇರೆ ದಾರಿಯಿಂದ, ಇದೇ ವ್ಯವಸ್ಥೆಯನ್ನು ಬಿಡಿಸಿದರು. ಎರಡು ಹೊಲಗಳ ನಡುವಿನ ಬೇಲಿ ತೆಗೆದ ಇಂಥ ಪೇಪರಿಗೆ ಎರಡೂ ಕಡೆಯಿಂದ ಓದುಗರು ಬರುತ್ತಾರೆ. ಸೈಟೇಶನ್ ನಿಧಾನವಾಗಿ, ಆದರೆ ದಶಕಗಳ ಕಾಲ ನಿಲ್ಲದೆ ಬರುತ್ತದೆ.

ಮೂರನೆಯದು ನಮ್ಮ ಲ್ಯಾಬಿನ ಮೇಜಿಗೆ ಬರುವಂಥದ್ದು. ಇದರ ಬಗ್ಗೆ ಹೆಚ್ಚು ಹೊತ್ತು ಮಾತಾಡಬೇಕು.

1983ರಲ್ಲಿ ಲಿಯಾನ್ ಚುವಾ ಜಪಾನಿನ ವಾಸೆದಾ ವಿಶ್ವವಿದ್ಯಾಲಯದಲ್ಲಿದ್ದಾಗ, ಕೇಯಾಸ್ (ನಿಯಮಕ್ಕೆ ಒಳಪಟ್ಟಿದ್ದರೂ ಬಹಳ ಮುಂದಿನದನ್ನು ಊಹಿಸಲಾಗದ ಚಲನೆ) ಹುಟ್ಟಿಸಲೆಂದೇ ಒಂದು ಸರ್ಕ್ಯೂಟ್ ರೂಪಿಸಿದರು. ಅದರಲ್ಲಿ ಎರಡು ಕೆಪಾಸಿಟರ್, ಒಂದು ಇಂಡಕ್ಟರ್, ಜೊತೆಗೆ ಚುವಾ ಡಯೋಡ್ ಎಂಬ ಅರೇಖೀಯ ಭಾಗ. 1994ರಲ್ಲಿ ಕೆ. ಮುರಳಿ, ಲಕ್ಷ್ಮಣನ್ ಮತ್ತು ಚುವಾ ಸೇರಿ ಇನ್ನೂ ಸರಳವಾದದ್ದನ್ನು ಪ್ರಕಟಿಸಿದರು. ಒಂದು ಕೆಪಾಸಿಟರ್ ಹೋಯಿತು, ಅದರ ಬದಲು ಹೊರಗಿನಿಂದ ಸೈನ್ ಅಲೆಯ ಒತ್ತಾಯ. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಂಎಲ್‌ಸಿ ಸರ್ಕ್ಯೂಟ್ ಎಂದು ಕರೆಯುತ್ತಾರೆ. ಪೇಪರಿನ ಉದ್ದ ಎರಡೇ ಪುಟ.

ಕಟ್ಟುವುದು ಹೀಗೆ. ಫಂಕ್ಷನ್ ಜನರೇಟರ್, 1340 ಓಮ್ ರೆಸಿಸ್ಟರ್, 18 ಮಿಲಿಹೆನ್ರಿ ಇಂಡಕ್ಟರ್, ಕರೆಂಟ್ ಅಳೆಯಲು 20 ಓಮಿನ ಚಿಕ್ಕ ರೆಸಿಸ್ಟರ್: ಇವೆಲ್ಲ ಸರಣಿಯಲ್ಲಿ. ಕೊನೆಯಲ್ಲಿ 10 ನ್ಯಾನೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ ಚುವಾ ಡಯೋಡ್. ಒತ್ತಾಯದ ಆವೃತ್ತಿ 8890 ಹರ್ಟ್ಸ್. ಚುವಾ ಡಯೋಡ್ ಅಂಗಡಿಯಲ್ಲಿ ಸಿಗುವ ಬಿಡಿಭಾಗವಲ್ಲ, ಎರಡು ಆಪ್-ಆಂಪ್ (ವೋಲ್ಟೇಜ್ ಹಿಗ್ಗಿಸುವ ಚಿಪ್-ಭಾಗ) ಮತ್ತು ಆರು ರೆಸಿಸ್ಟರ್‌ಗಳಿಂದ ಮಾಡಿಕೊಳ್ಳಬೇಕು. ಕೆನಡಿಯವರ 1992ರ ವಿನ್ಯಾಸದಲ್ಲಿ ಎರಡು 220 ಓಮ್, ಒಂದು 2.2 ಕಿಲೋಓಮ್, ಎರಡು 22 ಕಿಲೋಓಮ್, ಒಂದು 3.3 ಕಿಲೋಓಮ್. ಒಂದು ಟಿಎಲ್082 ಚಿಪ್ಪಿನಲ್ಲೇ ಎರಡೂ ಆಪ್-ಆಂಪ್ ಇರುತ್ತವೆ. ಎರಡು 9 ವೋಲ್ಟ್ ಬ್ಯಾಟರಿ ಸಾಕು.

ಈ ಅಂಕಿಗಳು ಹೇಗೆ ಬಂದವು ಎಂದು ಒಮ್ಮೆ ಲೆಕ್ಕ ಹಾಕಿದವರಿಗೆ ಸರ್ಕ್ಯೂಟ್ ಕೈಹಿಡಿದಂತೆಯೇ. ವೋಲ್ಟೇಜ್ ಚಿಕ್ಕದಿದ್ದಾಗ ಎರಡೂ ಆಪ್-ಆಂಪ್‌ಗಳು ಋಣ ವಾಹಕತೆ ಕೊಡುತ್ತವೆ: ಒಂದು ಮೈನಸ್ 1/2200, ಇನ್ನೊಂದು ಮೈನಸ್ 1/3300, ಕೂಡಿಸಿದರೆ ಮೈನಸ್ 0.76 ಮಿಲಿಸೀಮೆನ್ಸ್. ಕೆಪಾಸಿಟರಿನ ವೋಲ್ಟೇಜ್ ಸುಮಾರು 1 ವೋಲ್ಟ್ ದಾಟಿದೊಡನೆ ಎರಡನೆಯ ಆಪ್-ಆಂಪ್ ಸ್ಯಾಚುರೇಟ್ ಆಗಿ (ಔಟ್‌ಪುಟ್ ತನ್ನ ಮಿತಿಗೆ ಮುಟ್ಟಿ), ತನ್ನ ಋಣ ವಾಹಕತೆ ಬಿಟ್ಟು ಪ್ಲಸ್ 1/22000 ಆಗುತ್ತದೆ. ಉಳಿಯುವುದು ಮೈನಸ್ 0.41. ಈ ಒಂದು ಮುರಿವೇ ಇಡೀ ಅರೇಖೀಯತೆ. ಆ ತಿರುವು ಬಿಂದು ನಿರ್ಧಾರವಾಗುವುದು 3.3 ಭಾಗಿಸು 25.3, ಅಂದರೆ 0.13ನ್ನು ಆಪ್-ಆಂಪಿನ ಸ್ಯಾಚುರೇಶನ್ ವೋಲ್ಟೇಜಿಗೆ ಗುಣಿಸಿ. ಅದು 8.3 ವೋಲ್ಟ್ ಇದ್ದರೆ ತಿರುವು 1.08 ವೋಲ್ಟಿನಲ್ಲಿ. ಬ್ಯಾಟರಿ ಇಳಿದು 7.5 ವೋಲ್ಟ್ ಆಯಿತೋ, ತಿರುವು 0.9ರ ಹತ್ತಿರಕ್ಕೆ ಬರುತ್ತದೆ, ಕೇಯಾಸ್ ಶುರುವಾಗುವ ಒತ್ತಾಯದ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬೆಳಿಗ್ಗೆ ತೆಗೆದ ರೀಡಿಂಗ್ ಸಂಜೆ ಹೊಂದುವುದಿಲ್ಲ ಎಂದು ಗೋಳಾಡುವ ಮೊದಲು ಬ್ಯಾಟರಿ ಅಳೆಯಿರಿ. ಎರಡು ಬ್ಯಾಟರಿಗಳಲ್ಲಿ ಒಂದೇ ಇಳಿದರೆ ಚಿತ್ರ ಒಂದು ಕಡೆಗೆ ವಾಲುತ್ತದೆ.

ಒತ್ತಾಯದ ಪಾರವನ್ನು ನಿಧಾನವಾಗಿ ಏರಿಸುತ್ತ ಹೋಗಿ. 0.065 ವೋಲ್ಟಿನ ಆಸುಪಾಸಿನಲ್ಲಿ ಸ್ಕೋಪಿನ ಮೇಲೆ ಒಂದೇ ಸುತ್ತಿನ ಕುಣಿಕೆ. 0.08ಕ್ಕೆ ಅದು ಎರಡು ಸುತ್ತು, 0.09 ದಾಟಿದಾಗ ನಾಲ್ಕು. 0.1ರ ಬಳಿ ಸುತ್ತುಗಳು ಲೆಕ್ಕಕ್ಕೆ ಸಿಗದೆ ಒಂದು ಪಟ್ಟಿಯಾಗುತ್ತವೆ, 0.15ಕ್ಕೆ ಎರಡೂ ಬದಿಗೆ ಹರಡಿದ ಕೇಯಾಸ್. ಎಂಟು, ಹದಿನಾರು ಸುತ್ತು ಕಾಣಿಸದಿದ್ದರೆ ಹೆದರಬೇಡಿ. ಫೈಗನ್‌ಬಾಮ್ ಕಂಡುಕೊಂಡಂತೆ ಒಂದೊಂದು ದ್ವಿಗುಣಕ್ಕೂ ನಡುವಿನ ಅಂತರ ಸುಮಾರು 4.669 ಪಟ್ಟು ಕಿರಿದಾಗುತ್ತ ಹೋಗುತ್ತದೆ, ನಾಲ್ಕರ ನಂತರದ್ದು ಜನರೇಟರಿನ ನಾಯ್ಸಿನಲ್ಲೇ ಮುಳುಗುತ್ತದೆ.

ಎಲ್ಲಿ ಎಡವುತ್ತಾರೆ? ಮೊದಲನೆಯದು ಜನರೇಟರಿನ ಡಿಸ್‌ಪ್ಲೇ. ಅದು ತೋರಿಸುವುದು ಹೆಚ್ಚಾಗಿ ಪೀಕ್-ಟು-ಪೀಕ್: 0.1 ವೋಲ್ಟ್ ಪಾರ ಬೇಕಿದ್ದರೆ ಅಲ್ಲಿ 0.2 ಇರಬೇಕು. ಆರ್‌ಎಂಎಸ್‌ನಲ್ಲಿ ಅಳೆದರೆ 0.07. ಡಿಜಿಟಲ್ ಜನರೇಟರ್ 50 ಓಮ್ ಲೋಡಿಗೆ ಸೆಟ್ ಆಗಿದ್ದರೆ, ನಮ್ಮ ಸರ್ಕ್ಯೂಟಿನಂಥ ಹೆಚ್ಚಿನ ರೋಧಕ್ಕೆ ನಿಜವಾಗಿ ಹೋಗುವುದು ತೋರಿಸಿದ್ದರ ಹೆಚ್ಚುಕಡಿಮೆ ಎರಡು ಪಟ್ಟು. ಈ ಮೂರು ಕಾರಣಗಳಿಂದಲೇ ಒಂದೇ ಸರ್ಕ್ಯೂಟಿಗೆ ಮೂವರು ಮೂರು ವೋಲ್ಟೇಜ್ ಬರೆದುಕೊಳ್ಳುತ್ತಾರೆ. ಎರಡನೆಯದು ಇಂಡಕ್ಟರ್. 18 ಮಿಲಿಹೆನ್ರಿ ಸುಲಭಕ್ಕೆ ಸಿಗುವುದಿಲ್ಲ; 10 ಮತ್ತು 8.2 ಮಿಲಿಹೆನ್ರಿಯವನ್ನು ಸರಣಿಯಲ್ಲಿ ಹಾಕಿದರೆ 18.2 ಆಗುತ್ತದೆ, ಸಾಲುತ್ತದೆ. ಎರಡು ಕಾಯಿಲ್ ಪಕ್ಕಪಕ್ಕದಲ್ಲಿ ಅಂಟಿಕೊಂಡಿರಬಾರದು. ಕಾಯಿಲಿನ ತಂತಿಯ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು, ಜನರೇಟರಿನ 50 ಓಮನ್ನೂ ಅಳತೆಯ 20 ಓಮನ್ನೂ ಕೂಡಿಸಿ, ಒಟ್ಟು ಸರಣಿ ರೋಧ 1360 ಬರುವಂತೆ 2 ಕಿಲೋಓಮಿನ ಪ್ರಿಸೆಟ್ ತಿರುಗಿಸಿಕೊಳ್ಳಿ. ನೇರವಾಗಿ 1340 ಹಾಕಿ ಉಳಿದದ್ದನ್ನು ಮರೆತರೆ ಡ್ಯಾಂಪಿಂಗ್ ಹೆಚ್ಚಾಗಿ, ಅದೇ ವೋಲ್ಟೇಜಿನಲ್ಲಿ ಕೇಯಾಸ್ ಬರುವುದೇ ಇಲ್ಲ.

ಇನ್ನು ಆಪ್-ಆಂಪ್. ಲ್ಯಾಬಿನ ಡಬ್ಬಿಯಲ್ಲಿ 741 ತುಂಬಿರುತ್ತದೆಂದು ಅದನ್ನೇ ಹಾಕುತ್ತಾರೆ. ಅದರ ಸ್ಲ್ಯೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಮೈಕ್ರೋಸೆಕೆಂಡಿಗೆ 0.5 ವೋಲ್ಟ್, ಟಿಎಲ್082ರದ್ದು 13. ಸುಮಾರು 9 ಕಿಲೋಹರ್ಟ್ಸಿನಲ್ಲಿ ಸ್ಯಾಚುರೇಶನ್‌ವರೆಗೆ ಹೋಗಿ ಬರಬೇಕಾದ ಕಡೆ 741 ಹಿಂದೆ ಬೀಳುತ್ತದೆ, ಚೂಪಾಗಿರಬೇಕಾದ ಮುರಿವು ಮೊಂಡಾಗುತ್ತದೆ. ಸ್ಕೋಪಿನ ಎರಡು ಪ್ರೋಬುಗಳ ಗ್ರೌಂಡ್ ಕ್ಲಿಪ್ಪುಗಳು ಒಳಗಡೆ ಒಂದೇ ತಂತಿ. ಎರಡನ್ನು ಬೇರೆ ಬೇರೆ ಬಿಂದುವಿಗೆ ಸಿಕ್ಕಿಸಿದರೆ ನಡುವಿನ ಭಾಗ ಶಾರ್ಟ್. 20 ಓಮಿನ ಎರಡು ತುದಿಗಳನ್ನು ಎರಡು ಚಾನೆಲ್ಲಿನಲ್ಲಿ ಹಿಡಿದು ವ್ಯತ್ಯಾಸ ತೆಗೆಯಿರಿ. ಅಲ್ಲಿ ಸಿಗುವುದು ಹದಿನೈದು ಮಿಲಿವೋಲ್ಟಿನ ಆಸುಪಾಸು ಮಾತ್ರ, ಆದ್ದರಿಂದ ತಂತಿಗಳು ಗಿಡ್ಡವಿರಲಿ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಬ್ರೆಡ್‌ಬೋರ್ಡಿನ ಸ್ಪ್ರಿಂಗುಗಳು ಆಷಾಢದ ಹೊತ್ತಿಗೆ ಕಪ್ಪಾಗಿ, ಒಂದೊಂದು ಕಿಂಡಿಗೆ ಒಂದೊಂದು ರೋಧ ತೋರಿಸುತ್ತವೆ. ಮುಟ್ಟಿದರೆ ಬದಲಾಗುವ ಕೇಯಾಸ್ ಬಹುಪಾಲು ಲೂಸ್ ಕಾಂಟ್ಯಾಕ್ಟ್. ಬೆಸುಗೆ ಹಾಕಿದ ಬೋರ್ಡೇ ವಾಸಿ.

ಇಷ್ಟನ್ನು ಯಾಕೆ ಹೇಳಿದೆನೆಂದರೆ, ಈ ಎರಡು ಪುಟದ ಪೇಪರಿಗೆ ಸೈಟೇಶನ್ ಬಂದ ಕಾರಣ ಇದರಲ್ಲೇ ಇದೆ. ಮೇಲಿನ ಬೆಲೆಗಳನ್ನು ಹಾಕಿ ನೋಡಿ: ಕೆಪಾಸಿಟೆನ್ಸನ್ನು ರೋಧದ ವರ್ಗಕ್ಕೆ ಗುಣಿಸಿ ಇಂಡಕ್ಟೆನ್ಸಿನಿಂದ ಭಾಗಿಸಿದರೆ 0.998, ಅಂದರೆ ಸಮೀಕರಣದಲ್ಲಿ ಬೀಟಾ ಎಂದು ಕರೆಯುವ ಸಂಖ್ಯೆ ಹೆಚ್ಚುಕಡಿಮೆ ಒಂದು. ಸಮೀಕರಣದ ಏಕಮಾನವಿಲ್ಲದ ಅಳತೆಯಲ್ಲಿ ಆವೃತ್ತಿ 0.75. ಇಳಿಜಾರುಗಳು ಮೈನಸ್ 1.02 ಮತ್ತು ಮೈನಸ್ 0.55. ಮೇಜಿನ ಮೇಲಿನ ಸರ್ಕ್ಯೂಟೂ ಕಂಪ್ಯೂಟರಿನ ಎರಡು ಸಾಲಿನ ಸಮೀಕರಣವೂ ಒಂದಕ್ಕೊಂದು ನೇರವಾಗಿ ಹೊಂದುತ್ತವೆ. ಸಮೀಕರಣ ತುಂಡು ತುಂಡಾಗಿ ರೇಖೀಯ, ಆದ್ದರಿಂದ ಪ್ರತಿ ತುಂಡಿಗೂ ಕೈಯಲ್ಲೇ ಉತ್ತರ ಬರೆಯಬಹುದು. ಸಿಂಕ್ರೊನೈಸೇಶನ್ (ಎರಡು ಕೇಯಾಸ್ ವ್ಯವಸ್ಥೆಗಳು ಒಂದಕ್ಕೊಂದು ಹೆಜ್ಜೆ ಕೂಡಿಸುವುದು) ಬಗ್ಗೆ ಪೆಕೋರಾ ಮತ್ತು ಕ್ಯಾರಲ್ 1990ರಲ್ಲಿ ದಾರಿ ತೆರೆದಿದ್ದರು; ಕೇಯಾಸ್ ನಿಯಂತ್ರಣ, ಗುಪ್ತ ಸಂಕೇತ ಕಳಿಸುವುದು ಮೊದಲಾದ ಹೊಸ ವಿಚಾರಗಳನ್ನು ಪರೀಕ್ಷಿಸಲು ಎಲ್ಲರಿಗೂ ಅಗ್ಗದ, ನಂಬಿಕೆಯ ಸರ್ಕ್ಯೂಟ್ ಒಂದು ಬೇಕಿತ್ತು. ಯಾವ ಊರಿನವರೂ ಕಟ್ಟಬಹುದಾದ್ದರಿಂದ ಎಲ್ಲ ಊರಿನವರೂ ಕಟ್ಟಿದರು, ಕಟ್ಟಿದವರು ಹೆಸರು ಹೇಳಿದರು. ನನ್ನ ಮಟ್ಟಿಗೆ ಸೈಟೇಶನ್‌ಗಳಲ್ಲಿ ಇದಕ್ಕಿಂತ ಗೌರವದ ಬಗೆ ಇನ್ನೊಂದಿಲ್ಲ.

ಎಲ್ಲ ಸೈಟೇಶನ್ ಹೀಗಿರುವುದಿಲ್ಲ. 1984ರಲ್ಲಿ ನಿಕೋಲಿಸ್ ದಂಪತಿ ಸಾಗರತಳದ ಮಣ್ಣಿನಲ್ಲಿ ದಾಖಲಾದ ಆಕ್ಸಿಜನ್ ಐಸೊಟೋಪ್ ಸರಣಿಯಿಂದ, ಭೂಮಿಯ ಹವಾಗುಣಕ್ಕೆ 3.1 ಆಯಾಮದ ಆಕರ್ಷಕವೊಂದಿದೆ (ಅಟ್ರಾಕ್ಟರ್, ಚಲನೆ ಕೊನೆಗೆ ಬಂದು ನೆಲೆಸುವ ಆಕಾರ) ಎಂದು ಬರೆದರು. ದತ್ತಾಂಶ ಕೆಲವೇ ನೂರು ಬಿಂದು, ಅದರಲ್ಲೂ ನಡುವೆ ತುಂಬಿಸಿದವು ಸೇರಿದ್ದವು. ಎರಡು ವರ್ಷದ ನಂತರ ಗ್ರಾಸ್‌ಬರ್ಗರ್, ಅಂದರೆ ಆ ಆಯಾಮ ಅಳೆಯುವ ವಿಧಾನವನ್ನು ಕೊಟ್ಟವರಲ್ಲೇ ಒಬ್ಬರು, ಆ ತೀರ್ಮಾನಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಅವರ ಖಂಡನೆಯೂ ಮೂಲ ಪೇಪರಿಗೆ ಒಂದು ಸೈಟೇಶನ್ನೇ. ಒಪ್ಪಿದ್ದನ್ನೂ ತಳ್ಳಿಹಾಕಿದ್ದನ್ನೂ ಎಣಿಕೆ ಬೇರ್ಪಡಿಸುವುದಿಲ್ಲ. 1992ರಲ್ಲಿ ಎಕ್‌ಮನ್ ಮತ್ತು ರುಯೆಲ್ ಒಂದು ಸರಳ ಮಿತಿ ಕೊಟ್ಟರು: ಬಿಂದುಗಳ ಸಂಖ್ಯೆಯ ಹತ್ತರ ಲಾಗರಿದಂ ತೆಗೆದು ಎರಡರಿಂದ ಗುಣಿಸಿ, ಅದಕ್ಕಿಂತ ಹೆಚ್ಚಿನ ಆಯಾಮವನ್ನು ಆ ದತ್ತಾಂಶದಿಂದ ಅಳೆಯಲಾಗದು. ಸಾವಿರ ಬಿಂದುವಿಗೆ ಮಿತಿ 6. ಯಾರಾದರೂ ಸಾವಿರ ಬಿಂದುವಿನಿಂದ 5.8 ಆಯಾಮ ಸಿಕ್ಕಿತು ಎಂದರೆ ಅವರು ಅಳೆದದ್ದು ತಮ್ಮ ದತ್ತಾಂಶದ ಉದ್ದವನ್ನು.

ನಮ್ಮಲ್ಲಿ ಈ ತಪ್ಪಿಗೆ ದಾರಿ ಬಹಳ ಸಲೀಸು. ಮಳೆಯ ಲೆಕ್ಕ ಕೈಗೆ ಸಿಗುತ್ತದೆ, ಪ್ರಾಜೆಕ್ಟಿಗೆ ಚೆಂದದ ವಿಷಯ. ಜೂನಿನಿಂದ ಸೆಪ್ಟೆಂಬರ್‌ವರೆಗೆ 122 ದಿನ, 30 ವರ್ಷಕ್ಕೆ 3660 ಬಿಂದು. ಮಿತಿ ಲೆಕ್ಕಿಸಿದರೆ 7.1. ಕಾಸರಗೋಡಿನ ಮುಂಗಾರಿಗೆ ಏಳರ ಹತ್ತಿರದ ಆಯಾಮ ಸಿಕ್ಕಿತೆಂದು ಬರೆದರೆ ಅದರಲ್ಲಿ ಮಳೆಯ ಸುದ್ದಿ ಏನೂ ಇಲ್ಲ. ಮೇಲಾಗಿ ಒಂದು ಮುಂಗಾರಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಅಂಟಿಸಿದ ಸರಣಿ ನಿರಂತರವೂ ಅಲ್ಲ. ಕನಿಷ್ಠ ಪಕ್ಷ ಅದೇ ಸಂಖ್ಯೆಗಳನ್ನು ಕಲಸಿ, ಪವರ್ ಸ್ಪೆಕ್ಟ್ರಂ ಉಳಿಸಿಕೊಂಡ ಬದಲಿ ಸರಣಿಗಳನ್ನು ಮಾಡಿ, ಅವುಗಳಲ್ಲೂ ಅದೇ ಉತ್ತರ ಬರುತ್ತದೆಯೇ ಎಂದು ನೋಡಲೇಬೇಕು. ಬಂದರೆ ಅದು ಕೇಯಾಸಿಗೆ ಪುರಾವೆಯಲ್ಲ.

ಈಗ ಆ ಮೂರು ಅಂಕಿಗಳಿಗೆ ಬರೋಣ. ಎಚ್-ಇಂಡೆಕ್ಸ್ ಕೊಟ್ಟವರು ಭೌತವಿಜ್ಞಾನಿಯೇ, ಹೋರ್ಹೆ ಹಿರ್ಶ್, 2005ರಲ್ಲಿ. ಪೇಪರುಗಳನ್ನು ಸೈಟೇಶನ್ ಇಳಿಕೆಯ ಕ್ರಮದಲ್ಲಿ ಬರೆದು, ಕ್ರಮಸಂಖ್ಯೆಗಿಂತ ಸೈಟೇಶನ್ ಕಡಿಮೆಯಾಗುವ ಮುಂಚಿನ ಸಾಲಿನಲ್ಲಿ ನಿಲ್ಲಿ. ಕಲ್ಪನೆಗೆ ಒಬ್ಬರ ಪಟ್ಟಿ: 410, 96, 60, 22, 19, 14, 9, 7, 7, 3. ಏಳನೆಯದಕ್ಕೆ 9 ಇದೆ, ಎಂಟನೆಯದಕ್ಕೆ 7 ಮಾತ್ರ, ಎಚ್ ಏಳು. ಒಟ್ಟು 647. ಹಿರ್ಶ್ ಹೇಳಿದಂತೆ ಒಟ್ಟು ಸೈಟೇಶನ್ನನ್ನು ಎಚ್‌ನ ವರ್ಗದಿಂದ ಭಾಗಿಸಿದರೆ ಸಾಮಾನ್ಯವಾಗಿ 3ರಿಂದ 5. ಇಲ್ಲಿ 647 ಭಾಗಿಸು 49, ಅಂದರೆ 13. ಇಷ್ಟು ದೊಡ್ಡದು ಬಂದರೆ ಒಂದು ಪೇಪರ್ ಉಳಿದದ್ದನ್ನೆಲ್ಲ ಹೊತ್ತಿದೆ ಎಂದು ಅರ್ಥ. ಆ ಒಂದನ್ನು ತೆರೆದು ಓದಿ. ಅದು ಎಂಎಲ್‌ಸಿಯಂಥ ಸರ್ಕ್ಯೂಟೋ, ಸಮೀಕ್ಷೆಯ ಲೇಖನವೋ, ಇಪ್ಪತ್ತು ಜನರ ಪಟ್ಟಿಯಲ್ಲಿ ಹದಿನಾಲ್ಕನೆಯ ಹೆಸರೋ ಎಂಬುದು ಆಗಲೇ ತಿಳಿಯುವುದು.

ಪತ್ರಿಕೆಗಳನ್ನು ಸೈಟೇಶನ್‌ನಿಂದ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಎರಡು ವರ್ಷದ ಕಿಟಕಿಯಲ್ಲಿ ನೋಡುತ್ತದೆ. ಲಾರೆನ್ಸ್ 1963ರಲ್ಲಿ ವಾತಾವರಣ ವಿಜ್ಞಾನದ ಪತ್ರಿಕೆಯಲ್ಲಿ ಬರೆದದ್ದನ್ನು ಸುಮಾರು ಹತ್ತು ವರ್ಷ ಆ ಕ್ಷೇತ್ರದ ಹೊರಗೆ ಹೆಚ್ಚಿನವರು ಗಮನಿಸಲಿಲ್ಲ. ಈಗ ಅದರ ಸೈಟೇಶನ್ 20000 ದಾಟಿದೆ. ಕ್ಯೋಟೋದಲ್ಲಿ ಉಯೇದಾ ಅನಲಾಗ್ ಕಂಪ್ಯೂಟರಿನಲ್ಲಿ ಕೇಯಾಸನ್ನು ಕಂಡದ್ದು 1961ರ ನವೆಂಬರ್ 27ರಂದು, ಲೋಕಕ್ಕೆ ತಲುಪಿದ್ದು ಎಷ್ಟೋ ವರ್ಷ ಕಳೆದು. ಈ ಕ್ಷೇತ್ರದಲ್ಲಿ ಒಬ್ಬರ ಕೆಲಸವನ್ನು ತೂಗುವಾಗ ಒಟ್ಟು ಅಂಕಿಗಿಂತ, ಹತ್ತು ವರ್ಷ ಹಳೆಯ ಪೇಪರುಗಳಿಗೆ ಕಳೆದ ಎರಡು ವರ್ಷದಲ್ಲಿ ಹೊಸಬರು ಯಾರು ಸೈಟೇಶನ್ ಕೊಟ್ಟಿದ್ದಾರೆ ಎಂದು ನೋಡುವುದು ಮೇಲು. ತಮ್ಮವರೇ ತಮ್ಮನ್ನು ಉಲ್ಲೇಖಿಸಿಕೊಂಡದ್ದನ್ನು ಕಳೆಯಿರಿ. ಆದರೆ ಸ್ವಲ್ಪ ಸ್ವಂತ ಉಲ್ಲೇಖ ಸಹಜ, ಒಂದೇ ಸರ್ಕ್ಯೂಟನ್ನು ಮುಂದುವರಿಸಿದವರು ಹಿಂದಿನ ಪೇಪರನ್ನು ಹೇಳದೆ ಹೇಗೆ?

ಹೆಸರಿನ ತೊಡಕನ್ನೂ ಹೇಳಬೇಕು, ಅದು ನಮಗೆ ಬೇರೆಯವರಿಗಿಂತ ಹೆಚ್ಚು. ಭಟ್, ರೈ, ಶೆಟ್ಟಿ, ನಾಯ್ಕ್ ಎಂಬ ಕೊನೆಹೆಸರಿಗೆ ಒಂದು ಇನಿಶಿಯಲ್ ಸೇರಿಸಿ ಹುಡುಕಿದರೆ ಹತ್ತಾರು ಜನರ ಪೇಪರು ಒಂದೇ ಖಾತೆಗೆ ಬೀಳುತ್ತದೆ. ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕನ್ನಡದಿಂದ ಇಂಗ್ಲಿಷಿಗೆ ಬಂದ ಸ್ಪೆಲ್ಲಿಂಗ್ ಒಂದು, ಮಲೆಯಾಳದ ದಾಖಲೆಯಿಂದ ಬಂದದ್ದು ಇನ್ನೊಂದು. ಹೀಗೆ ಒಬ್ಬರೇ ಇಬ್ಬರಾಗಿ ಎರಡು ಅರ್ಧ ಪ್ರೊಫೈಲುಗಳಲ್ಲಿ ಹಂಚಿಹೋಗುತ್ತಾರೆ. ಮೊದಲ ಪೇಪರ್ ಕಳಿಸುವ ಮುಂಚೆಯೇ ಒಂದು ರೂಪ ನಿಶ್ಚಯಿಸಿ ಕೊನೆಯವರೆಗೆ ಅದನ್ನೇ ಬರೆಯಿರಿ. 2012ರಿಂದ ಇರುವ ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಉಚಿತ. ಅದನ್ನು ಪಡೆದು ಪ್ರತಿ ಪೇಪರಿಗೂ ಜೋಡಿಸಿ.

ಇನ್ನು ಪೇಪರ್ ಬರೆಯುವವರಿಗೆ. ರೆಸಿಸ್ಟರಿನ ಮೇಲೆ ಅಚ್ಚಾದ ಬೆಲೆ ಕೊಡಬೇಡಿ, ಅಳೆದ ಬೆಲೆ ಕೊಡಿ. ಕಾಯಿಲಿನ ರೋಧ, ಬ್ಯಾಟರಿಯ ವೋಲ್ಟೇಜ್, ಜನರೇಟರ್ ಯಾವ ಲೋಡಿಗೆ ಸೆಟ್ ಆಗಿತ್ತು, ಪಾರ ಪೀಕೋ ಪೀಕ್-ಟು-ಪೀಕೋ ಎಂದು ಸ್ಪಷ್ಟವಾಗಿ ಬರೆಯಿರಿ. ಕಂಪ್ಯೂಟರಿನ ಫಲಿತಾಂಶವಾದರೆ ಆರಂಭದ ಬೆಲೆಗಳು, ರುಂಗೆ-ಕುಟ್ಟ ಹೆಜ್ಜೆಯ ಗಾತ್ರ, ಆರಂಭದ ಎಷ್ಟು ಆವರ್ತಗಳನ್ನು ಬಿಟ್ಟಿರಿ ಎಂಬುದು ಬೇಕು. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಿದಾಗ ದ್ವಿಗುಣದ ಜಾಗಗಳು ಸರಿಯಲಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕಳಿಸಿ. ಕೋಡನ್ನೂ ಜೊತೆಗೆ ಇಡಿ. ಬದಿಯಡ್ಕದಲ್ಲೋ ಬ್ರೆಜಿಲ್‌ನಲ್ಲೋ ಕೂತವರು ನಿಮ್ಮನ್ನು ಕೇಳದೆಯೇ ಅದನ್ನು ಮತ್ತೆ ಕಟ್ಟಲು ಬೇಕಾದದ್ದು ಇಷ್ಟೇ.